ಯೋಗ್ಯತೆಯನ್ನು ಕಾಯದ ಕೃಪೆ

ಧರ್ಮವೆಂದರೆ ಮನುಷ್ಯನು ತನ್ನನ್ನು ತಿದ್ದಿಕೊಂಡು ದೇವರ ಮೆಚ್ಚುಗೆಗೆ ಪಾತ್ರನಾಗುವ ದಾರಿ ಎಂದು ಬಹುಮಂದಿ ತಿಳಿದಿದ್ದಾರೆ. ಕೆಟ್ಟದ್ದನ್ನು ಬಿಡಬೇಕು, ಒಳ್ಳೆಯದನ್ನು ರೂಢಿಸಿಕೊಳ್ಳಬೇಕು, ಆಗ ದೇವರು ಒಲಿಯುತ್ತಾನೆ ಎಂಬುದು ಆ ತಿಳಿವಳಿಕೆಯ ತಿರುಳು. ಕ್ರೈಸ್ತ ನಂಬಿಕೆಯ ನಡುಮಧ್ಯದಲ್ಲಿರುವ ಕೃಪೆಯ ಬೋಧನೆ ಈ ಕ್ರಮವನ್ನೇ ತಿರುಗಿಸಿಬಿಡುತ್ತದೆ. ಅದರ ಪ್ರಕಾರ ದೇವರು ಮೊದಲು ಸ್ವೀಕರಿಸುತ್ತಾನೆ; ಬದಲಾವಣೆ ಆಮೇಲೆ ಬರುತ್ತದೆ. ಕೇಳಲು ಸರಳವಾದ ಈ ಮಾತನ್ನು ಚರ್ಚಿನಲ್ಲೇ ಬೆಳೆದವರು ಕೂಡ ಎಷ್ಟೋ ಸಲ ಪೂರ್ತಿಯಾಗಿ ನಂಬಿರುವುದಿಲ್ಲ. ಬಾಯಲ್ಲಿ ಕೃಪೆ ಎನ್ನುತ್ತಲೇ ಒಳಗೊಳಗೆ ತಮ್ಮ ಪ್ರಾರ್ಥನೆ, ಉಪವಾಸ, ದಾನಗಳ ಲೆಕ್ಕವನ್ನು ಇಟ್ಟುಕೊಂಡೇ ಬದುಕುತ್ತಾರೆ. ಆದ್ದರಿಂದ ಕೃಪೆ ಎಂದರೇನು, ಅದು ಮನುಷ್ಯನನ್ನು ಹೇಗೆ ಬದಲಾಯಿಸುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವ ಅಗತ್ಯವಿದೆ.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿರುವ ಜಕ್ಕಾಯನ ಪ್ರಸಂಗದಲ್ಲಿ ಈ ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಜಕ್ಕಾಯನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ. ರೋಮನ್ನರ ಆಳ್ವಿಕೆಯ ಕೆಳಗೆ ಸುಂಕ ವಸೂಲಿ ಮಾಡುತ್ತ, ನಿಗದಿಯಾದದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತಿದ್ದ ಸುಂಕದವರನ್ನು ಅಂದಿನ ಯೆಹೂದಿ ಸಮಾಜ ಪಾಪಿಗಳ ಸಾಲಿನಲ್ಲಿಟ್ಟಿತ್ತು. ಯೇಸುವನ್ನು ನೋಡಬೇಕೆಂದು ಬಂದ ಈ ಗಿಡ್ಡ ಮನುಷ್ಯನು ಜನಸಂದಣಿಯಿಂದಾಗಿ ಮರ ಹತ್ತಿ ಕುಳಿತಿದ್ದನು. ಯೇಸು ಆ ಮರದ ಬಳಿಗೆ ಬಂದು, ತಲೆ ಎತ್ತಿ ನೋಡಿ, ಅವನನ್ನು ಹೆಸರು ಹಿಡಿದು ಕರೆದು, ಬೇಗ ಇಳಿದು ಬಾ, ಈ ಹೊತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದನು. ಆ ಗಳಿಗೆಯವರೆಗೆ ಜಕ್ಕಾಯನು ಯಾವ ತಪ್ಪನ್ನೂ ಒಪ್ಪಿಕೊಂಡಿರಲಿಲ್ಲ, ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ. ಇವನು ಪಾಪಿಯ ಮನೆಗೆ ಅತಿಥಿಯಾಗಿ ಹೋದನಲ್ಲಾ ಎಂದು ಜನರು ಗೊಣಗಿಕೊಂಡದ್ದು ಅದಕ್ಕಾಗಿಯೇ.

ಯೇಸು ಅವನನ್ನು ಸ್ವೀಕರಿಸಿದ ಮೇಲೆ ಜಕ್ಕಾಯನು ಎದ್ದು ನಿಂತು, ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುವುದಾಗಿಯೂ ಹೇಳಿದನು. ಈ ನಾಲ್ಕರ ಲೆಕ್ಕವನ್ನು ಓದುಗರು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುತ್ತಾರೆ. ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಮೂಲ ಮೊತ್ತದ ಜೊತೆಗೆ ಐದರಲ್ಲಿ ಒಂದು ಭಾಗವನ್ನು ಸೇರಿಸಿ ಕೊಟ್ಟರೆ ಸಾಕೆಂದು ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯ ಹೇಳುತ್ತದೆ. ನಾಲ್ಕರಷ್ಟು ಕೊಡಬೇಕೆಂಬ ನಿಯಮ ವಿಮೋಚನಕಾಂಡದಲ್ಲಿ ಕುರಿಯನ್ನು ಕದ್ದು ಕೊಂದವನಿಗೆ, ಇಲ್ಲವೆ ಮಾರಿಬಿಟ್ಟವನಿಗೆ ವಿಧಿಸಿದ್ದು. ಅಂದರೆ ಜಕ್ಕಾಯನು ತನ್ನನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡು, ಯಾರೂ ಒತ್ತಾಯಿಸದಿದ್ದರೂ ಹೆಚ್ಚಿನ ದಂಡವನ್ನೇ ಆರಿಸಿಕೊಂಡನು. ವರ್ಷಗಟ್ಟಲೆ ಊರಿನವರ ತಿರಸ್ಕಾರವು ಅವನ ಕೈಯಿಂದ ಹೊರಡಿಸಲಾಗದ ಹಣವನ್ನು ಒಂದು ಹೊತ್ತಿನ ಸಹವಾಸ ಹೊರಡಿಸಿತು. ಕೃಪೆಯ ಶಕ್ತಿ ಎಂದು ಕ್ರೈಸ್ತರು ಹೇಳುವುದು ಇದನ್ನೇ.

ಮನುಷ್ಯನು ತಾನಾಗಿಯೇ ಬದಲಾಗಬಾರದೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಬೈಬಲ್ ಪಾಪವನ್ನು ಕೆಟ್ಟ ಕೆಲಸಗಳ ಪಟ್ಟಿಯಾಗಿ ಮಾತ್ರ ಕಾಣುವುದಿಲ್ಲ; ಮನುಷ್ಯನನ್ನು ಆಳುವ ಒಂದು ಅಧಿಕಾರವಾಗಿಯೂ ಕಾಣುತ್ತದೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ, ಒಳ್ಳೆಯದನ್ನು ಮಾಡಬೇಕೆಂಬ ಮನಸ್ಸು ಇದ್ದರೂ ಮಾಡುವ ಬಲ ಇಲ್ಲದ, ಬೇಡವೆಂದುಕೊಂಡ ಕೆಟ್ಟದ್ದನ್ನೇ ಮತ್ತೆ ಮತ್ತೆ ಮಾಡುವ ಮನುಷ್ಯನ ನರಳಾಟವನ್ನು ಬಿಡಿಸಿಡುತ್ತಾನೆ. ಒಂದು ದುಶ್ಚಟವನ್ನೋ ಹಗೆತನವನ್ನೋ ಬಿಡಬೇಕೆಂದು ಆಣೆ ಇಟ್ಟು, ಮತ್ತೆ ಅದಕ್ಕೇ ಮರಳಿದವರಿಗೆ ಈ ವರ್ಣನೆ ಅಪರಿಚಿತವೇನಲ್ಲ. ಧರ್ಮಶಾಸ್ತ್ರವು ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಸಿಕೊಡಬಲ್ಲದು. ಸರಿಯಾದದ್ದನ್ನು ಪ್ರೀತಿಸುವ ಹೃದಯವನ್ನು ಕೊಡುವುದು ಅದರ ಕೈಲಾಗದು. ಅಂಥ ಹೃದಯ ಹೊರಗಿನಿಂದ ಉಡುಗೊರೆಯಾಗಿ ಬರಬೇಕು. ಪ್ರವಾದಿಯಾದ ಯೆಹೆಜ್ಕೇಲನ ಗ್ರಂಥದ 36ನೆಯ ಅಧ್ಯಾಯದಲ್ಲಿ, ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯವನ್ನು ಕೊಡುತ್ತೇನೆಂದು ದೇವರು ವಾಗ್ದಾನ ಮಾಡುವುದು ಈ ಅರ್ಥದಲ್ಲಿಯೇ.

ಆದರೆ ದೇವರು ಪಾಪವನ್ನು ಸುಮ್ಮನೆ ಕಂಡೂ ಕಾಣದಂತೆ ಇದ್ದುಬಿಡುತ್ತಾನೆಂಬುದು ಕೃಪೆಯ ಅರ್ಥವಲ್ಲ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವು, ಎಂದರೆ ದೃಷ್ಟಾಂತ ಕಥೆಯು, ಈ ಸಂಗತಿಯನ್ನು ಹಣದ ಭಾಷೆಯಲ್ಲಿ ತಿಳಿಸುತ್ತದೆ. ಅರಸನೊಬ್ಬನಿಗೆ ಅವನ ಸೇವಕನು ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಾಗಿತ್ತು. ಒಂದು ತಲಾಂತನ್ನು ಕೂಲಿಯಾಳಿನ ಸುಮಾರು 6000 ದಿನಗಳ ಸಂಬಳಕ್ಕೆ ಸಮವೆಂದು ಲೆಕ್ಕ ಹಾಕುವುದು ವಾಡಿಕೆ. ಹಾಗಾದರೆ ಆ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದು ಸಂಪಾದಿಸಿದ್ದನ್ನೆಲ್ಲ ಕಟ್ಟಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ತುಸು ಸಮಯ ಕೊಟ್ಟರೆ ಎಲ್ಲವನ್ನೂ ತೀರಿಸುತ್ತೇನೆಂದು ಆ ಸೇವಕನು ಕಾಲಿಗೆ ಬೀಳುತ್ತಾನೆ. ತನ್ನ ಪ್ರಯತ್ನದಿಂದಲೇ ದೇವರ ಮುಂದೆ ಸರಿಯಾಗಬಲ್ಲೆನೆಂದು ಭಾವಿಸುವ ಮನುಷ್ಯನ ಚಿತ್ರ ಇದು. ಅರಸನು ಸಮಯ ಕೊಡುವುದಿಲ್ಲ, ಸಾಲವನ್ನೇ ಬಿಟ್ಟುಬಿಡುತ್ತಾನೆ. ಸಾಲ ಬಿಟ್ಟಾಗ ಆ ಹಣ ಮಾಯವಾಗುವುದಿಲ್ಲ; ಬಿಟ್ಟವನೇ ನಷ್ಟವನ್ನು ಹೊರುತ್ತಾನೆ. ಶಿಲುಬೆಯ ಮೇಲೆ ದೇವರು ಯೇಸು ಕ್ರಿಸ್ತನಲ್ಲಿ ಆ ನಷ್ಟವನ್ನು ತಾನೇ ಹೊತ್ತನೆಂಬುದು ಕ್ರೈಸ್ತ ನಂಬಿಕೆ. ಪಡೆಯುವವನಿಗೆ ಉಚಿತವಾದ ಕೃಪೆ ಕೊಡುವವನಿಗೆ ಉಚಿತವಾಗಿರಲಿಲ್ಲ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಪ್ರಾಣ ಕೊಟ್ಟನೆಂದು ಪೌಲನು ಬರೆಯುವಾಗ ಒತ್ತು ಬೀಳುವುದು ‘ಇನ್ನೂ’ ಎಂಬುದರ ಮೇಲೆ.

ಹಾಗಾದರೆ ಒಳ್ಳೆಯ ಕೆಲಸಗಳಿಗೆ ಸ್ಥಾನವೆಲ್ಲಿ? ಎಫೆಸದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದ ಮೂರು ವಚನಗಳಲ್ಲಿ ಇದಕ್ಕೆ ಉತ್ತರವಿದೆ. ರಕ್ಷಣೆಯು ನಂಬಿಕೆಯ ಮೂಲಕ ಕೃಪೆಯಿಂದ ಆದದ್ದು, ಅದು ದೇವರ ವರ, ಹೊಗಳಿಕೊಳ್ಳಲು ಯಾರಿಗೂ ಆಸ್ಪದವಿಲ್ಲ ಎಂದು 8 ಮತ್ತು 9ನೆಯ ವಚನಗಳು ಹೇಳುತ್ತವೆ. 10ನೆಯ ವಚನವು ಅಷ್ಟೇ ಖಚಿತವಾಗಿ, ನಾವು ಸತ್ಕ್ರಿಯೆಗಳಿಗೋಸ್ಕರವೇ ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟವರು ಎನ್ನುತ್ತದೆ. ಮೊದಲೆರಡು ವಚನಗಳನ್ನು ಬಾಯಿಪಾಠ ಮಾಡಿಸಿ ಮೂರನೆಯದನ್ನು ಬಿಟ್ಟುಬಿಡುವ ಬೋಧನೆಯೂ, ಮೂರನೆಯದನ್ನೇ ಮುಂದಿಟ್ಟು ಮೊದಲೆರಡನ್ನು ಮರೆಯುವ ಬೋಧನೆಯೂ ಸಮನಾಗಿ ಹಾನಿಕರವೆಂದು ನನಗೆ ತೋರುತ್ತದೆ. ಸತ್ಕ್ರಿಯೆಯು ಕೃಪೆಗೆ ತೆರುವ ಬೆಲೆಯಲ್ಲ, ಕೃಪೆಯ ಫಲ. ಒಳ್ಳೆಯ ಮರ ಒಳ್ಳೆಯ ಫಲ ಕೊಡುತ್ತದೆಂದು ಯೇಸುವೇ ಹೇಳಿದ್ದಾನೆ; ಫಲವನ್ನು ತಂದು ಕೊಂಬೆಗೆ ಕಟ್ಟಿದರೆ ಮರ ಒಳ್ಳೆಯದಾಗುವುದಿಲ್ಲ.

ಉಚಿತವಾಗಿ ಸಿಕ್ಕ ಕ್ಷಮೆ ಮನುಷ್ಯನನ್ನು ಬದಲಾಯಿಸುವ ಬಗೆ ಇನ್ನಷ್ಟು ಹತ್ತಿರದಿಂದ ನೋಡತಕ್ಕದ್ದು. ಮೊದಲನೆಯದಾಗಿ, ಅದು ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಕೊಡುತ್ತದೆ. ತನ್ನ ಒಳ್ಳೆಯತನದ ಮೇಲೆಯೇ ತನ್ನ ಸ್ಥಾನ ನಿಂತಿದೆ ಎಂದು ತಿಳಿದವನು ತಪ್ಪನ್ನು ಮುಚ್ಚಿಡಲೇಬೇಕಾಗುತ್ತದೆ, ಏಕೆಂದರೆ ಒಪ್ಪಿಕೊಂಡ ಕ್ಷಣವೇ ಅವನ ಸ್ಥಾನ ಕುಸಿಯುತ್ತದೆ. ತಾನು ಈಗಾಗಲೇ ಸ್ವೀಕರಿಸಲ್ಪಟ್ಟವನೆಂದು ಬಲ್ಲವನಿಗೆ ನೆಪ ಹೇಳುವ, ಇತರರ ಮೇಲೆ ಹೊರಿಸುವ ಅವಶ್ಯಕತೆ ಇರುವುದಿಲ್ಲ. ನಿಜವಾದ ತಿದ್ದುಪಡಿ ಶುರುವಾಗುವುದೇ ಅಲ್ಲಿಂದ. ಇನ್ನೊಂದು ಸಂಗತಿ ಪ್ರೀತಿಯದು. ಲೂಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರ ಪಂಥದ ಸೀಮೋನನ ಮನೆಯಲ್ಲಿ ಊಟಕ್ಕೆ ಕುಳಿತಿದ್ದ ಯೇಸುವಿನ ಪಾದಗಳನ್ನು ಒಬ್ಬ ಹೆಂಗಸು ಕಣ್ಣೀರಿನಿಂದ ನೆನೆಸಿ, ತಲೆಗೂದಲಿನಿಂದ ಒರೆಸಿ, ಸುಗಂಧ ತೈಲ ಹಚ್ಚಿದಳು. ಸೀಮೋನನು ಮನಸ್ಸಿನಲ್ಲೇ ಮುಖ ಸಿಂಡರಿಸಿದಾಗ ಯೇಸು ಅವನಿಗೆ, ಒಬ್ಬನು 500, ಇನ್ನೊಬ್ಬನು 50 ಹಣ ಸಾಲ ಮಾಡಿದ್ದು ಇಬ್ಬರ ಸಾಲವೂ ಬಿಡಲ್ಪಟ್ಟರೆ ಯಾರು ಹೆಚ್ಚು ಪ್ರೀತಿಸುತ್ತಾರೆ ಎಂದು ಕೇಳಿದನು. ಸೀಮೋನನು ನಡತೆಯಲ್ಲಿ ಆ ಹೆಂಗಸಿಗಿಂತ ಮೇಲಾಗಿದ್ದಿರಬಹುದು. ಆದರೆ ಬಂದ ಅತಿಥಿಯ ಕಾಲಿಗೆ ನೀರು ಕೊಡುವಷ್ಟು ಪ್ರೀತಿಯೂ ಅವನಲ್ಲಿ ಹುಟ್ಟಿರಲಿಲ್ಲ. ಭಯದಿಂದ ಹುಟ್ಟಿದ ಒಳ್ಳೆಯ ನಡತೆ ಕಾವಲು ತಪ್ಪಿದ ಕೂಡಲೇ ಸಡಿಲವಾಗುತ್ತದೆ. ಪ್ರೀತಿಯಿಂದ ಹುಟ್ಟಿದ್ದು ಯಾರೂ ನೋಡದಿದ್ದಾಗಲೂ ಉಳಿಯುತ್ತದೆ.

ಇವೆರಡೂ ಮನಸ್ಸಿನ ಮಟ್ಟದಲ್ಲಿ ಅರ್ಥವಾಗುವ ಸಂಗತಿಗಳು. ಕ್ರೈಸ್ತ ನಂಬಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಕೃಪೆ ಎಂದರೆ ದೇವರ ಮನೋಭಾವ ಮಾತ್ರವಲ್ಲದೆ ಪವಿತ್ರಾತ್ಮನ ಮೂಲಕ ಮನುಷ್ಯನೊಳಗೆ ನಡೆಯುವ ದೇವರ ಕೆಲಸವೂ ಹೌದು ಎಂದು ಅದು ನಂಬುತ್ತದೆ. ಭಕ್ತಿಹೀನತೆಯನ್ನು ತೊರೆದು ಸ್ವಸ್ಥಚಿತ್ತರಾಗಿ ಬದುಕುವಂತೆ ಕೃಪೆಯೇ ನಮಗೆ ಬೋಧಿಸುತ್ತದೆಂದು ತೀತನಿಗೆ ಬರೆದ ಪತ್ರದಲ್ಲಿದೆ. ಕ್ಷಮಿಸುವ ಕೃಪೆ ಬೇರೆ, ತಿದ್ದುವ ಗುರು ಬೇರೆ ಅಲ್ಲ. ದೇವರ ವಾಕ್ಯ, ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ, ವಿಶ್ವಾಸಿಗಳ ಅನ್ಯೋನ್ಯತೆ ಇವುಗಳ ಮೂಲಕ ಈ ಕೆಲಸ ನಡೆಯುತ್ತದೆಂದು ಕ್ರೈಸ್ತ ಸಭೆಗಳು ಕಲಿಸುತ್ತವೆ; ಯಾವುದಕ್ಕೆ ಎಷ್ಟು ಒತ್ತು ಎಂಬುದರಲ್ಲಿ ಅವುಗಳ ನಡುವೆ ವ್ಯತ್ಯಾಸಗಳಿವೆ.

ಎಲ್ಲವೂ ಉಚಿತವಾದರೆ ಜನರು ಪಾಪ ಮಾಡುತ್ತಲೇ ಇರುವುದಿಲ್ಲವೇ ಎಂಬ ಆಕ್ಷೇಪ ಪೌಲನ ಕಾಲದಿಂದಲೂ ಇದೆ. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯವನ್ನು ಅವನು ಆ ಪ್ರಶ್ನೆಯಿಂದಲೇ ಆರಂಭಿಸಿ, ಪಾಪದ ಪಾಲಿಗೆ ಸತ್ತವರು ಇನ್ನು ಅದರಲ್ಲೇ ಬದುಕುವುದು ಹೇಗೆಂದು ಮರುಪ್ರಶ್ನೆ ಹಾಕುತ್ತಾನೆ. ಹಿಟ್ಲರನ ಆಡಳಿತವನ್ನು ವಿರೋಧಿಸಿ 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿದ ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್, 1937ರಲ್ಲಿಯೇ ‘ಅಗ್ಗದ ಕೃಪೆ’ಯನ್ನು ಸಭೆಯ ಮಾರಕ ಶತ್ರುವೆಂದು ಕರೆದಿದ್ದನು. ಪಶ್ಚಾತ್ತಾಪವಿಲ್ಲದ ಕ್ಷಮೆ, ಶಿಲುಬೆಯಿಲ್ಲದ ಶಿಷ್ಯತ್ವ ಅವನ ದೃಷ್ಟಿಯಲ್ಲಿ ಕೃಪೆಯೇ ಅಲ್ಲ. ಹತ್ತು ಸಾವಿರ ತಲಾಂತಿನ ಸಾಮ್ಯದ ಕೊನೆಯೂ ಇದನ್ನೇ ತೋರಿಸುತ್ತದೆ. ಸಾಲ ಬಿಡಿಸಿಕೊಂಡ ಸೇವಕನು ಹೊರಗೆ ಬಂದು, ತನಗೆ 100 ದಿನಗಳ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸಿದನು. ಅವನು ಲಾಭ ಪಡೆದನೇ ಹೊರತು ಕೃಪೆಯನ್ನು ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅರಸನು ಅವನನ್ನು ಮತ್ತೆ ಕರೆಸಿ ಲೆಕ್ಕ ಕೇಳುತ್ತಾನೆ. ಇನ್ನೊಬ್ಬರನ್ನು ಕ್ಷಮಿಸಲಾರದವನು ತನಗೆ ದೊರೆತ ಕ್ಷಮೆಯನ್ನು ಅರ್ಥ ಮಾಡಿಕೊಂಡಿಲ್ಲವೆಂಬ ಈ ಎಚ್ಚರಿಕೆ ಬಹಳ ಕಠಿಣವಾದದ್ದು, ಅದನ್ನು ಮೆದುಗೊಳಿಸಿ ಓದುವುದು ಸರಿಯಲ್ಲ.

ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಿಬಿಡುತ್ತದೆಂಬ ಭ್ರಮೆಯೂ ಇದೆ. ಸಾಕ್ಷಿ ಹೇಳುವ ವೇದಿಕೆಗಳಲ್ಲಿ ಅಂಥ ಕಥೆಗಳೇ ಹೆಚ್ಚು ಕೇಳಿಬರುವುದರಿಂದ, ನಿಧಾನವಾಗಿ ಬದಲಾಗುತ್ತಿರುವ ಎಷ್ಟೋ ಜನರು ತಮ್ಮ ನಂಬಿಕೆಯನ್ನೇ ಸಂದೇಹಿಸುತ್ತಾರೆ. ಅವರು ಜಾನ್ ನ್ಯೂಟನ್ನನ ಜೀವನವನ್ನು ಪೂರ್ತಿಯಾಗಿ ತಿಳಿಯಬೇಕು. 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವನು ಹಡಗಿನ ಬದುಕಿಗೆ ಬಿದ್ದು, ದೇವದೂಷಣೆಯ ಬಾಯಿಗೆ ನಾವಿಕರ ನಡುವೆಯೂ ಹೆಸರಾಗಿದ್ದನು. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವಂತಾದಾಗ ಅವನು ದೇವರ ಕರುಣೆಯನ್ನು ಬೇಡಿಕೊಂಡನು. ಆ ದಿನವನ್ನು ಅವನು ಜೀವಮಾನವಿಡೀ ಸ್ಮರಿಸುತ್ತಿದ್ದನು. ಅವನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ, 1773ರ ಹೊಸ ವರ್ಷದ ಆರಾಧನೆಗಾಗಿ ಅವನು ಬರೆದ ‘ಅಮೇಜಿಂಗ್ ಗ್ರೇಸ್’ ಕೀರ್ತನೆಗೆ ಜಿಗಿಯುತ್ತಾರೆ.

ನಡುವೆ ನಡೆದದ್ದು ಅಹಿತಕರ. ಬಿರುಗಾಳಿಯಿಂದ ಪಾರಾದ ಮೇಲೆಯೂ ನ್ಯೂಟನ್ ಗುಲಾಮರ ವ್ಯಾಪಾರದಲ್ಲಿಯೇ ಉಳಿದನು. 1750ರಿಂದ 1754ರವರೆಗೆ, ಆಫ್ರಿಕದ ಗಂಡಸರು, ಹೆಂಗಸರು, ಮಕ್ಕಳನ್ನು ಸರಪಳಿಯಲ್ಲಿ ಸಾಗಿಸುವ ಹಡಗುಗಳ ಕಪ್ತಾನನಾಗಿ ಮೂರು ಯಾನಗಳನ್ನು ಮಾಡಿದನು. ಬೈಬಲ್ ಓದುತ್ತಿದ್ದನು, ಪ್ರಾರ್ಥಿಸುತ್ತಿದ್ದನು, ಅದೇ ಹಡಗಿನಲ್ಲಿ ಮನುಷ್ಯರನ್ನು ಸರಕಿನಂತೆ ತುಂಬಿಸುತ್ತಿದ್ದನು. ಅವನು ಸಮುದ್ರಯಾನ ಬಿಟ್ಟದ್ದು ಕೂಡ ಅನಾರೋಗ್ಯದಿಂದಾಗಿ. 1764ರಲ್ಲಿ ಪಾದ್ರಿಯಾದನು. ಆ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿ, ಅದರಲ್ಲಿ ತಾನೂ ಕೈಯಾಡಿಸಿದವನೆಂದು ಒಪ್ಪಿಕೊಂಡು, ತನ್ನ ತಪ್ಪೊಪ್ಪಿಗೆ ಬಹಳ ತಡವಾಗಿ ಬಂದಿದೆಯೆಂದು ಬರೆದ ಕಿರುಹೊತ್ತಿಗೆ ಹೊರಬಂದದ್ದು 1788ರಲ್ಲಿ. ಬಿರುಗಾಳಿಯ ಪ್ರಾರ್ಥನೆಗೂ ಆ ಹೊತ್ತಿಗೆಗೂ ನಡುವೆ 40 ವರ್ಷಗಳ ಅಂತರವಿದೆ. 1785ರಲ್ಲಿ ಸಲಹೆ ಕೇಳಲು ಬಂದ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ರಾಜಕೀಯವನ್ನು ಬಿಡದಂತೆ ಅವನು ಹೇಳಿದನು; 1807ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಕಾಯಿದೆಯು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಟನ್ ತೀರಿಕೊಂಡನು.

ಈ 40 ವರ್ಷಗಳನ್ನು ಮುಚ್ಚಿಟ್ಟರೆ ಕೃಪೆಗೆ ಗೌರವ ತಂದಂತಾಗುವುದಿಲ್ಲ. ಆ ಹಡಗುಗಳಲ್ಲಿ ನರಳಿದವರ ಪಾಲಿಗೆ ಕಪ್ತಾನನ ಪ್ರಾರ್ಥನೆಗಳಿಂದ ಯಾವ ಪ್ರಯೋಜನವೂ ಆಗಲಿಲ್ಲ. ಸಮಾಜವೆಲ್ಲ ಸರಿಯೆಂದು ಒಪ್ಪಿಕೊಂಡ ಪಾಪವು ವಿಶ್ವಾಸಿಯ ಕಣ್ಣಿಗೂ ಎಷ್ಟು ಕಾಲ ಕಾಣದೆ ಉಳಿಯಬಲ್ಲದೆಂಬುದಕ್ಕೆ ಇದು ಭಯ ಹುಟ್ಟಿಸುವ ಉದಾಹರಣೆ. ನ್ಯೂಟನ್ ಸ್ವತಃ ತನ್ನ ಆರಂಭದ ವರ್ಷಗಳನ್ನು ನೆನೆದು, ಆಗ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲವೆಂದು ಬರೆದಿದ್ದಾನೆ. ಆದರೂ ಕೃಪೆ ಅವನನ್ನು ಅಲ್ಲಿಗೇ ಬಿಡಲಿಲ್ಲ. ಬಿರುಗಾಳಿಯಲ್ಲಿ ಪ್ರಾಣಭಯದಿಂದ ಶುರುವಾದದ್ದು, ತನ್ನ ಹೆಸರಿಗೇ ಕಳಂಕ ತರುವ ಸತ್ಯವನ್ನು ಮುಪ್ಪಿನಲ್ಲಿ ಊರೆಲ್ಲ ಕೇಳುವಂತೆ ಹೇಳುವಲ್ಲಿಗೆ ಅವನನ್ನು ಮುಟ್ಟಿಸಿತು.

ಈ ಕೆಲಸದಲ್ಲಿ ದೇವರ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬ ವಾದ ಸಭೆಯ ಇತಿಹಾಸದುದ್ದಕ್ಕೂ ನಡೆದಿದೆ. ಮನುಷ್ಯನು ತನ್ನ ಇಚ್ಛಾಶಕ್ತಿಯಿಂದಲೇ ದೇವರ ಆಜ್ಞೆಗಳನ್ನು ಪಾಲಿಸಬಲ್ಲನೆಂದು ಕಲಿಸಿದ ಪೆಲಾಗಿಯಸ್‌ಗೆ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ ಉತ್ತರ ಕೊಟ್ಟನು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ತನ್ನ ಇಚ್ಛೆಯೇ ತನ್ನ ಮಾತು ಕೇಳದ ಸಂಕಟವನ್ನು ಅನುಭವಿಸಿದ್ದ ಅಗಸ್ಟೀನನಿಗೆ, ದೇವರನ್ನು ಬಯಸುವ ಬಯಕೆಯನ್ನೂ ದೇವರೇ ಕೊಡಬೇಕೆಂಬುದು ಪುಸ್ತಕದ ಸಿದ್ಧಾಂತವಾಗಿರಲಿಲ್ಲ. 418ರಲ್ಲಿ ಕಾರ್ಥೇಜ್ ನಗರದಲ್ಲಿ ಸೇರಿದ ಬಿಷಪರ ಸಭೆ ಪೆಲಾಗಿಯಸನ ಬೋಧನೆಯನ್ನು ತಿರಸ್ಕರಿಸಿತು. ಹನ್ನೊಂದು ಶತಮಾನಗಳ ನಂತರ ಮಾರ್ಟಿನ್ ಲೂಥರ್ ನಂಬಿಕೆಯೊಂದರಿಂದಲೇ ಮನುಷ್ಯನು ನೀತಿವಂತನೆಂದು ಎಣಿಸಲ್ಪಡುತ್ತಾನೆಂದು ಸಾರಿದನು. ದೇವರು ನೀತಿವಂತನೆಂದು ಎಣಿಸುವುದಷ್ಟೇ ಅಲ್ಲ, ಒಳಗಿನಿಂದ ನೀತಿವಂತನನ್ನಾಗಿ ಮಾಡುತ್ತಾನೆ, ಅದರಲ್ಲಿ ಮನುಷ್ಯನ ಸಹಕಾರಕ್ಕೂ ಸ್ಥಾನವಿದೆ ಎಂದು ಕಥೋಲಿಕ ಸಭೆ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ನಿರ್ಣಯಿಸಿತು. ಈ ಭಿನ್ನತೆಯ ಹೆಸರಿನಲ್ಲಿ ಶತಮಾನಗಳ ಕಾಲ ಪರಸ್ಪರ ಶಾಪ ಹಾಕಿಕೊಂಡ ಎರಡು ಪಕ್ಷಗಳು 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲದೆ ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಹೃದಯವನ್ನು ನೂತನಗೊಳಿಸುವ ಪವಿತ್ರಾತ್ಮನನ್ನು ಕೊಟ್ಟು ಸತ್ಕ್ರಿಯೆಗೆ ಕರೆಯುತ್ತಾನೆ ಎಂಬುದು ಅದರ ಸಾರ. ಭಿನ್ನಾಭಿಪ್ರಾಯಗಳೆಲ್ಲ ಅಳಿದವೆಂದು ಆ ಘೋಷಣೆ ಹೇಳಲಿಲ್ಲ, ಆದರೆ ಸ್ವೀಕಾರ ಮೊದಲು, ಬದಲಾವಣೆ ಅದರ ಹಿಂದೆ ಎಂಬ ಕ್ರಮದಲ್ಲಿ ಇಬ್ಬರೂ ಒಂದಾದರು.

ಕೃಪೆ ಏನನ್ನು ಮಾಡುವುದಿಲ್ಲವೆಂಬುದನ್ನೂ ಹೇಳಬೇಕು. ತನ್ನ ಶರೀರದಲ್ಲಿ ನಾಟಿದ ಒಂದು ಮುಳ್ಳನ್ನು ತೆಗೆಯಬೇಕೆಂದು ಪೌಲನು ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ರೋಗ, ಬಡತನ, ಹಳೆಯ ತಪ್ಪುಗಳ ಪರಿಣಾಮಗಳು ನಂಬಿದ ಕೂಡಲೇ ಮಾಯವಾಗುತ್ತವೆಂದು ಮಾತು ಕೊಡುವವರು ಬೈಬಲ್ ಕೊಡದ ಮಾತನ್ನು ಕೊಡುತ್ತಿದ್ದಾರೆ. ಅಪರಾಧ ಮಾಡಿದವನು ಕ್ಷಮೆ ಪಡೆದ ಮೇಲೂ ಕಾನೂನಿನ ಮುಂದೆ ನಿಲ್ಲಬೇಕಾಗುತ್ತದೆ, ನೊಂದವರಿಗೆ ಕೊಡಬೇಕಾದದ್ದನ್ನು ಕೊಡಬೇಕಾಗುತ್ತದೆ.

ಪೌಲನು ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ ಇವೆಲ್ಲವೂ ಒಟ್ಟಿಗೆ ಸಿಗುತ್ತವೆ. ಒಂದೇ ಅಧ್ಯಾಯದ, 25 ವಚನಗಳ ಆ ಪತ್ರ ಕೃಪೆಯ ಹಾರೈಕೆಯಿಂದ ಆರಂಭವಾಗಿ ಕೃಪೆಯ ಹಾರೈಕೆಯಿಂದಲೇ ಮುಗಿಯುತ್ತದೆ. ಒನೇಸಿಮನೆಂಬ ದಾಸನು ತನ್ನ ಒಡೆಯನಾದ ಫಿಲೆಮೋನನಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿ ಅಲ್ಲಿ ಕ್ರಿಸ್ತನನ್ನು ನಂಬಿದ್ದನು. ಪೌಲನು ಅವನನ್ನು ಒಡೆಯನ ಬಳಿಗೆ ಹಿಂದಕ್ಕೆ ಕಳುಹಿಸುತ್ತ, ಇನ್ನು ಮೇಲೆ ದಾಸನಂತಲ್ಲದೆ ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಕೇಳುತ್ತಾನೆ. ಅಪೊಸ್ತಲನಾಗಿ ಆಜ್ಞಾಪಿಸಬಹುದಾಗಿದ್ದರೂ ಪ್ರೀತಿಯಿಂದ ಬೇಡಿಕೊಳ್ಳುತ್ತೇನೆ ಎನ್ನುತ್ತಾನೆ, ಏಕೆಂದರೆ ಒಳ್ಳೆಯದು ಬಲವಂತದಿಂದಲ್ಲದೆ ಮನಃಪೂರ್ವಕವಾಗಿ ನಡೆಯಬೇಕಾಗಿತ್ತು. ಅವನಿಂದ ನಿನಗೇನಾದರೂ ನಷ್ಟವಾಗಿದ್ದರೆ, ಅವನು ಏನಾದರೂ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಹಿಂದೆ ಸಭೆಯವರನ್ನು ಮನೆಮನೆಯಿಂದ ಎಳೆದು ಸೆರೆಮನೆಗೆ ಹಾಕಿಸುತ್ತಿದ್ದ ಮನುಷ್ಯನು ಈಗ ತಾನೇ ಸೆರೆಯಲ್ಲಿದ್ದುಕೊಂಡು ಇನ್ನೊಬ್ಬನ ಸಾಲಕ್ಕೆ ಹೊಣೆ ನಿಲ್ಲುತ್ತಿದ್ದಾನೆ. ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಒನೇಸಿಮನ ಹೆಸರು ಮತ್ತೆ ಬರುತ್ತದೆ. ಸಭೆಗೆ ಸುದ್ದಿ ಮುಟ್ಟಿಸಲು ತುಖಿಕನೊಂದಿಗೆ ಹೊರಟಿರುವ ಅವನನ್ನು ಅಲ್ಲಿ ನಂಬಿಗಸ್ತನಾದ ಪ್ರಿಯ ಸಹೋದರನೆಂದು, ನಿಮ್ಮಲ್ಲಿ ಒಬ್ಬನೆಂದು ಪರಿಚಯಿಸಲಾಗಿದೆ.